ಸೀರೆ ಅಂಗಡಿ ಸೈಟ್: 4 ಎಂಬಿ ಫೋಟೋಗಳು ತಾವಾಗಿಯೇ ಹಗುರಾಗಬೇಕು, ಸೆರಗಿನ ಬಣ್ಣ ಮಾತ್ರ ಕೆಡಬಾರದು

ಪ್ರಶ್ನೆ

ವರ್ಡ್‌ಪ್ರೆಸ್ 6.5, ವೂಕಾಮರ್ಸ್ (ಅದರ ಅಂಗಡಿ ಪ್ಲಗಿನ್), ಶೇರ್ಡ್ ಹೋಸ್ಟಿಂಗ್ (ಹಲವು ಸೈಟ್‌ಗಳು ಹಂಚಿಕೊಳ್ಳುವ ಸರ್ವರ್). 600 ಇಳಕಲ್ ಸೀರೆ, ಒಂದೊಂದಕ್ಕೆ 5 ಫೋಟೋ, ಎಲ್ಲವೂ ಫೋನಿನಿಂದ ಬಂದ 4000×3000. ಎಲ್ಲವನ್ನೂ ವೆಬ್‌ಪಿ (ಹಗುರ ಚಿತ್ರದ ಫಾರ್ಮ್ಯಾಟ್) ಮಾಡುವ ಪ್ಲಗಿನ್ ಹಾಕಿದ ಮೇಲೂ ಮೊಬೈಲಿನಲ್ಲಿ ಎಲ್‌ಸಿಪಿ (ಪುಟದ ಅತಿ ದೊಡ್ಡ ಅಂಶ ಕಾಣಿಸಲು ಹಿಡಿಯುವ ಸಮಯ) 6 ಸೆಕೆಂಡಿನ ಹತ್ತಿರವೇ ಇದೆ. ಸೆರಗಿನ ಟೋಪ್ ತೆನಿ ಇದೆಯಲ್ಲ, ಆ ಕೆಂಪು-ಬಿಳಿ ಅಂಚು ಕಲಸಿದ ಹಾಗೆ ಕಾಣುತ್ತಿದೆ. ಕೆಲವು ಅಪ್‌ಲೋಡ್‌ಗಳು ನಡುವೆಯೇ ನಿಂತುಹೋಗುತ್ತವೆ.

ಉತ್ತರ 1

ಫಾರ್ಮ್ಯಾಟ್ ಆಮೇಲೆ ನೋಡೋಣ, ಮೊದಲು ಅಳತೆ. ಫೋನಿನಲ್ಲಿ ಪಕ್ಕ ಪಕ್ಕ ಎರಡು ಕಾರ್ಡ್ ಇರುವ ಗ್ರಿಡ್ ಅಂದರೆ ಒಂದು ಕಾರ್ಡ್ ಸುಮಾರು 180 ಪಿಕ್ಸೆಲ್ ಅಗಲ. ಮೂರು ಪಟ್ಟು ಸಾಂದ್ರತೆಯ ಪರದೆಗೂ 540 ಸಾಕು. ಥೀಮ್ ಅಲ್ಲಿ 'ಫುಲ್' ಅಳತೆ ಕರೆಯುತ್ತಿದ್ದರೆ ವರ್ಡ್‌ಪ್ರೆಸ್ 2560 ಅಗಲದ್ದನ್ನು ಕೊಡುತ್ತದೆ (5.3ರಿಂದ ದೊಡ್ಡ ಚಿತ್ರಗಳಿಗೆ ಅದೇ ಮಿತಿ). 600×450 ಜಾಗಕ್ಕೆ 2560×1920 ಅಂದರೆ 18 ಪಟ್ಟು ಪಿಕ್ಸೆಲ್. ಇಷ್ಟು ವ್ಯತ್ಯಾಸವನ್ನು ಯಾವ ವೆಬ್‌ಪಿಯೂ ತುಂಬಿಕೊಡಲ್ಲ.

ಚಿತ್ರದ ಮೇಲೆ ಇನ್‌ಸ್ಪೆಕ್ಟ್ ಒತ್ತಿ, ತೋರಿಸಿದ ಅಳತೆ ಮತ್ತು ಫೈಲಿನ ಮೂಲ ಅಳತೆ ಹೋಲಿಸಿ. ಎಸ್‌ಆರ್‌ಸಿಸೆಟ್ (ಒಂದೇ ಚಿತ್ರದ ಬೇರೆ ಬೇರೆ ಅಳತೆಗಳ ಪಟ್ಟಿ) ಇದ್ದೂ ದೊಡ್ಡದೇ ಇಳಿಯುತ್ತಿದ್ದರೆ ತಪ್ಪು 'ಸೈಜಸ್'ನಲ್ಲಿ, ಅಂದರೆ ಚಿತ್ರ ಪರದೆಯಲ್ಲಿ ಎಷ್ಟು ಅಗಲ ಅಂತ ಬ್ರೌಸರಿಗೆ ಹೇಳುವ ಕಡೆ. ಅದರಲ್ಲಿ 100ವಿಡಬ್ಲ್ಯೂ (ಪರದೆಯ ಅಗಲದ ಶೇ. 100) ಇದ್ದರೆ ಚಿತ್ರ ಇಡೀ ಪರದೆ ತುಂಬುತ್ತದೆ ಅಂತ ಬ್ರೌಸರ್ ನಂಬುತ್ತದೆ. ನಿಮ್ಮ ಗ್ರಿಡ್‌ಗೆ 50ವಿಡಬ್ಲ್ಯೂ ಕೊಡಿ. ಟೆಂಪ್ಲೇಟ್‌ನಲ್ಲಿ ವೂಕಾಮರ್ಸ್ ಥಂಬ್‌ನೇಲ್ ಕರೆಸಿ, ಅದರ ಅಗಲ 600 ಮಾಡಿ ಥಂಬ್‌ನೇಲ್‌ಗಳನ್ನು ರೀಜನರೇಟ್ ಮಾಡಿ (ಹೊಸ ಅಳತೆಯಲ್ಲಿ ಮತ್ತೆ ತಯಾರಿಸಿ).

ಇನ್ನೊಂದು: ಮೇಲಿನ ಬ್ಯಾನರ್‌ಗೆ ಲೇಜಿ ಲೋಡ್ (ಚಿತ್ರ ಪರದೆಯ ಹತ್ತಿರ ಬಂದಾಗಲಷ್ಟೇ ಇಳಿಸುವುದು) ಇರಲೇಬಾರದು. 6.3ರಿಂದ ಮೊದಲ ದೊಡ್ಡ ಚಿತ್ರಕ್ಕೆ ಫೆಚ್‌ಪ್ರಯಾರಿಟಿ ಹೈ (ಇದನ್ನು ಮೊದಲು ಇಳಿಸು ಅನ್ನುವ ಸೂಚನೆ) ಅನ್ನು ವರ್ಡ್‌ಪ್ರೆಸ್ಸೇ ಹಾಕುತ್ತದೆ. ಆದರೆ ಪ್ಲಗಿನ್ ಚಿತ್ರದ ವಿಳಾಸವನ್ನು ಮಾಮೂಲಿ ಜಾಗದಿಂದ ತೆಗೆದು ಡೇಟಾ-ಎಸ್‌ಆರ್‌ಸಿಗೆ ಎತ್ತಿಟ್ಟರೆ, ಜಾವಾಸ್ಕ್ರಿಪ್ಟ್ ಓಡುವ ತನಕ ಬ್ರೌಸರಿಗೆ ಆ ಚಿತ್ರ ಇದೆ ಅನ್ನೋದೇ ಗೊತ್ತಾಗಲ್ಲ. ನಿಮ್ಮ 6 ಸೆಕೆಂಡಿನಲ್ಲಿ ಇದರ ಪಾಲು ದೊಡ್ಡದಿರಬಹುದು. ಗುರಿ 2.5 ಸೆಕೆಂಡಿನೊಳಗೆ.

ಉತ್ತರ 2

ಟೋಪ್ ತೆನಿ ಕಲಸುವುದಕ್ಕೆ ಕಾರಣ ಕ್ವಾಲಿಟಿ ಸಂಖ್ಯೆ ಅಲ್ಲ. ಲಾಸಿ (ಸ್ವಲ್ಪ ವಿವರ ಬಿಟ್ಟು ಹಿಂಡುವ) ವೆಬ್‌ಪಿಯಲ್ಲಿ ಬಣ್ಣ 4:2:0 ಆಗಿಯೇ ಕೂರುತ್ತದೆ: 2×2 ಪಿಕ್ಸೆಲ್‌ಗೆ ಹೊಳಪು ನಾಲ್ಕು, ಬಣ್ಣ ಒಂದೇ. ಕಡು ಕೆಂಪಿನ ಪಕ್ಕ ಬಿಳಿ ಹಲ್ಲು ಬಂದಲ್ಲಿ ಕೆಂಪು ಬಿಳಿಗೆ ಸೋರುತ್ತದೆ. 80 ಇದ್ದದ್ದನ್ನು 95ಕ್ಕೆ ಏರಿಸಿದರೆ ಫೈಲ್ ಉಬ್ಬುತ್ತದೆ, ಸೋರಿಕೆ ನಿಲ್ಲಲ್ಲ. ವೆಬ್‌ಪಿ ತಯಾರಿಸುವ ಸಿವೆಬ್‌ಪಿ ಸಾಧನದ 'ಶಾರ್ಪ್ ವೈಯುವಿ' ಆಯ್ಕೆ ಹಾಕಿದರೆ ಬಹಳಷ್ಟು ಸರಿಹೋಗುತ್ತದೆ. ಜೂಮ್ ಮಾಡಿ ನೋಡುವ ಸೆರಗಿನ ಚಿತ್ರವೊಂದನ್ನು ಮಾತ್ರ 4:4:4 (ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ) ಜೆಪೆಗ್ ಆಗಿ ಇಡಿ. ಕೊಳ್ಳುವವರು ಕಣ್ಣಿಟ್ಟು ನೋಡೋದೇ ಅದನ್ನು, ಅಲ್ಲಿ ಜಿಪುಣತನ ಬೇಡ.

ಕೆಂಪು ಸಪ್ಪೆಯಾಗಿಯೂ ಕಂಡರೆ ಅದು ಬೇರೆ ಸಮಸ್ಯೆ. ಐಫೋನ್ ಫೋಟೋಗಳು ಡಿಸ್‌ಪ್ಲೇ ಪಿ3 ಅನ್ನುವ ವಿಶಾಲ ಬಣ್ಣವ್ಯಾಪ್ತಿಯಲ್ಲಿರುತ್ತವೆ. ಮೆಟಾಡೇಟಾ (ಫೋಟೋ ಜೊತೆ ಬರುವ ಮಾಹಿತಿ) ಅಳಿಸುವಾಗ ಬಣ್ಣದ ಪ್ರೊಫೈಲ್ ಕೂಡ ಹೋದರೆ ಬಣ್ಣ ಇಳಿಯುತ್ತದೆ. ಹಾಗಾಗಿ ಮೊದಲು ಎಕ್ಸಿಫ್ (ಕ್ಯಾಮೆರಾ ಬರೆದಿಟ್ಟ ದಿಕ್ಕಿನ ಮಾಹಿತಿ) ಪ್ರಕಾರ ತಿರುಗಿಸಿ, ವೆಬ್‌ನ ಸಾಮಾನ್ಯ ಬಣ್ಣವ್ಯಾಪ್ತಿಯಾದ ಎಸ್‌ಆರ್‌ಜಿಬಿಗೆ ಬದಲಿಸಿ, ಕುಗ್ಗಿಸಿ, ಆಮೇಲಷ್ಟೇ ಮೆಟಾಡೇಟಾ ತೆಗೆದು ಎನ್‌ಕೋಡ್ ಮಾಡಿ. ವೆಬ್‌ಪಿ ಹುಟ್ಟಬೇಕಾದದ್ದು ಮೂಲ ಫೋಟೋದಿಂದ. ಒಮ್ಮೆ 82 ಕ್ವಾಲಿಟಿಗೆ ಹಿಂಡಿದ ಜೆಪೆಗ್‌ನಿಂದ ಮಾಡಿದರೆ ಎರಡು ಸಲದ ಕೊಳೆ ಸೇರುತ್ತದೆ.

ಉತ್ತರ 3

ನಿಲ್ಲುವ ಅಪ್‌ಲೋಡ್ ಬಗ್ಗೆ. 4000×3000 ಅಂದರೆ 1.2 ಕೋಟಿ ಪಿಕ್ಸೆಲ್. ಡಿಸ್ಕಿನಲ್ಲಿ 4 ಎಂಬಿ ಇದ್ದರೂ ಮೆಮೊರಿಯಲ್ಲಿ ಬಿಚ್ಚಿದಾಗ, ಸರ್ವರ್ ಚಿತ್ರ ಕುಗ್ಗಿಸಲು ಬಳಸುವ ಸಾಧನಗಳಾದ ಜಿಡಿಯಲ್ಲಿ ಸುಮಾರು 48 ಎಂಬಿ, 16 ಬಿಟ್‌ನ ಇಮೇಜ್‌ಮ್ಯಾಜಿಕ್‌ನಲ್ಲಿ 96 ಎಂಬಿ. ಕುಗ್ಗಿಸುವಾಗ ಇನ್ನಷ್ಟು ಬೇಕು, ಅಲ್ಲೇ ಹೋಸ್ಟಿಂಗ್‌ನ ಮಿತಿ ದಾಟಿ ಪ್ರೊಸೆಸ್ ಸಾಯುತ್ತದೆ. ಅಪ್‌ಲೋಡ್‌ಗೆ ಮುಂಚೆಯೇ ಉದ್ದನೆಯ ಬದಿ 2000ಕ್ಕೆ ಇಳಿಸಿ, ಪಿಕ್ಸೆಲ್ ಕಾಲು ಭಾಗವಾಗುತ್ತದೆ. ಹಳೆಯ 3,000 ಫೋಟೋಗಳನ್ನು ನಿಮ್ಮ ಕಂಪ್ಯೂಟರಿನಲ್ಲೇ ಲಿಬ್‌ವಿಪ್ಸ್ ಅನ್ನುವ ಚಿತ್ರ ಸಾಧನದಿಂದ ಕುಗ್ಗಿಸಿ. ಅದು ಚಿತ್ರವನ್ನು ತುಂಡು ತುಂಡಾಗಿ ಓದುವುದರಿಂದ ಮೆಮೊರಿ ತಿನ್ನಲ್ಲ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಎವಿಐಎಫ್ (ವೆಬ್‌ಪಿ ತರಹದ ಇನ್ನೊಂದು ಫಾರ್ಮ್ಯಾಟ್) ಎನ್‌ಕೋಡಿಂಗ್ ಬೇಡ, ಸಿಪಿಯು ಸಾಲಲ್ಲ.

ಸಿಡಿಎನ್ (ಫೈಲುಗಳ ಪ್ರತಿ ಇಟ್ಟು ಹತ್ತಿರದಿಂದ ಕೊಡುವ ಸರ್ವರ್‌ಗಳ ಜಾಲ) ಇದ್ದು, ಸರ್ವರ್ ಒಂದೇ ವಿಳಾಸದಲ್ಲಿ ಬ್ರೌಸರಿಗೆ ತಕ್ಕ ಫಾರ್ಮ್ಯಾಟ್ ಕೊಡುತ್ತಿದ್ದರೆ 'ವೇರಿ: ಆಕ್ಸೆಪ್ಟ್' ಹೆಡರ್ (ಬ್ರೌಸರ್ ಒಪ್ಪುವ ಫಾರ್ಮ್ಯಾಟ್‌ಗೆ ತಕ್ಕಂತೆ ಬೇರೆ ಬೇರೆ ಪ್ರತಿ ಇಡು ಅನ್ನುವ ಸೂಚನೆ) ಮರೆಯಬೇಡಿ. ಇಲ್ಲದಿದ್ದರೆ ಕ್ಯಾಶ್‌ನಲ್ಲಿ ಕೂತ ವೆಬ್‌ಪಿ ಹಳೆಯ ಬ್ರೌಸರಿಗೂ ಹೋಗಿ ಒಡೆದ ಚಿತ್ರ ಕಾಣುತ್ತದೆ. ಒಂದು ವರ್ಷದ ಕ್ಯಾಶ್ ಇಟ್ಟಿದ್ದರೆ ಹೊಸ ಫೈಲಿಗೆ ಹೊಸ ಹೆಸರು ಕೊಡಿ.

ಪ್ರಶ್ನೆ ಕೇಳಿದವರು

ಸೈಜಸ್ ಸರಿಮಾಡಿದೆ, ಕಾರ್ಡ್‌ಗಳಿಗೆ ಈಗ 600 ಅಗಲದ್ದೇ ಇಳಿಯುತ್ತಿದೆ. ಬ್ಯಾನರ್ ಲೇಜಿ ಲೋಡ್ ತೆಗೆದೆ. ಮೂಲ ಫೋಟೋಗಳು ಸರ್ವರ್‌ನಲ್ಲಿ 12 ಜಿಬಿ ಹಿಡಿದಿವೆ, ಅಳಿಸಬಹುದಾ?

ಉತ್ತರ 2

ಎರಡು ಕಡೆ ಪ್ರತಿ ಇಟ್ಟುಕೊಂಡ ಮೇಲೆ ಮಾತ್ರ. ಥೀಮ್ ಬದಲಾಗಿ ಬೇರೆ ಅಳತೆ ಬೇಕಾದಾಗ ರೀಜನರೇಟ್ ಮಾಡಲು ವರ್ಡ್‌ಪ್ರೆಸ್ ಹುಡುಕುವುದು ಆ ಮೂಲ ಫೈಲನ್ನೇ. ಪ್ಲಗಿನ್‌ನಲ್ಲಿ 'ಒರಿಜಿನಲ್ ಮೇಲೆಯೇ ಬರೆ' ಅನ್ನುವ ಆಯ್ಕೆಗೆ ಟಿಕ್ ಬಿದ್ದಿದ್ದರೆ ಇವತ್ತೇ ತೆಗೆಯಿರಿ.