ಸಹಾಯ ಬೇಕು: ಐರನ್ ಮೇಡನ್ 2009 ಬೆಂಗಳೂರು ಶೋ ರೆಕಾರ್ಡಿಂಗ್ ಯಾರ ಹತ್ತಿರ ಇದೆ?

ತುಮಕೂರಿನ ರಾಕ್ ಗೆಳೆಯರೇ, ನಮಸ್ಕಾರ. ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ 'ಸಮ್‌ವೇರ್ ಬ್ಯಾಕ್ ಇನ್ ಟೈಮ್' ಟೂರಿನಲ್ಲಿ ಅಭಿಮಾನಿಗಳೇ ಮಾಡಿಕೊಂಡ ರೆಕಾರ್ಡಿಂಗ್‌ಗಳನ್ನು ಊರು, ತಾರೀಖಿನ ಪ್ರಕಾರ ಜೋಡಿಸುತ್ತಿದ್ದೇನೆ. ಹಾಡುಗಾರ ಬ್ರೂಸ್ ಡಿಕಿನ್ಸನ್ ತಾನೇ ಬೋಯಿಂಗ್ 757 ವಿಮಾನ ಓಡಿಸಿಕೊಂಡು ದೇಶ ದೇಶ ಸುತ್ತಿದ ಟೂರ್ ಅದು. ಶುರುವಾಗಿದ್ದೇ ಮುಂಬೈಯಲ್ಲಿ, 2008ರ ಫೆಬ್ರವರಿ 1ರಂದು.

ಈಗ ಬೇಕಿರುವುದು 2009ರ ಫೆಬ್ರವರಿ 15ರ ಅರಮನೆ ಮೈದಾನದ ಶೋ. ಆ ವರ್ಷ ಕೆಲವು ಹಾಡು ಬದಲಾಗಿದ್ದವು, ಹಾಗಾಗಿ ಮುಂಬೈಯದು ಇದ್ದರೆ ಸಾಲದು. ಇಲ್ಲಿಂದ ರೈಲು ಹತ್ತಿ ಹೋದವರು ಇರಲೇಬೇಕು, ಅಲ್ವಾ? ನನ್ನ ಹತ್ತಿರ ಇರುವ ತುಣುಕಿನಲ್ಲಿ ಗಿಟಾರ್ ಸೋಲೋ ಶುರುವಾಗುತ್ತಿದ್ದಂತೆ ಯಾರೋ 'ಮಗಾ, ನೀರ್ ಕೊಡೋ' ಅಂತ ಕೂಗುತ್ತಾನೆ. ಆಮೇಲೆ ಕಟ್!

ಹಳೇ ಫೋನಿನ ಮೆಮೊರಿ ಕಾರ್ಡ್, ಕ್ಯಾಮೆರಾ, ಸಿಡಿ ಎಲ್ಲ ಒಮ್ಮೆ ಹುಡುಕಿ ನೋಡಿ. ಸೌಂಡ್ ಒಡೆದಿದ್ದರೂ ಪರವಾಗಿಲ್ಲ. ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಮಾತ್ರ ಕಳಿಸಬೇಡಿ, ಇದ್ದಬದ್ದ ಕ್ವಾಲಿಟಿಯೂ ಹೋಗುತ್ತದೆ. ಎಂಪಿ3 ಮಾಡೋದೂ ಬೇಡ. ಮೂಲ ಫೈಲನ್ನೇ ಗೂಗಲ್ ಡ್ರೈವ್‌ಗೆ ಹಾಕಿ. ಅದು ತಲೆನೋವು ಅನಿಸಿದರೆ ಟೌನ್‌ಹಾಲ್ ಸರ್ಕಲ್ ಹತ್ತಿರ ಲ್ಯಾಪ್‌ಟಾಪ್ ತಂದು, ನಿಮ್ಮೆದುರೇ ಕಾಪಿ ಮಾಡಿಕೊಂಡು ಕಾರ್ಡ್ ವಾಪಸ್ ಕೊಡುತ್ತೇನೆ. ಮಾರೋಕಲ್ಲ, ಸುಮ್ನೆ ಹುಚ್ಚು. ಕಾಫಿ ನನ್ನ ಲೆಕ್ಕ.