ಪದಚರ್ಚೆ: ‘ನೇರು’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬೇಳದಿಂದ:

ಮಾನ್ಯರೇ, ಈ ಭಾನುವಾರ ನಮ್ಮ ಇಗರ್ಜಿಯ ಯುವಜನರಿಗೆ 2023ರ ಮಲಯಾಳ ಚಿತ್ರ ‘ನೇರು’ ತೋರಿಸಿ, ಅದರ ಬೆನ್ನಿಗೆ ಸತ್ಯದ ಕುರಿತು ಬೈಬಲಿನ ಆಧಾರದಿಂದ ಚರ್ಚೆ ನಡೆಸುವುದೆಂದು ನಿಶ್ಚಯವಾಗಿದೆ. ನಾಲ್ಕು ಪುಟಗಳ ಟಿಪ್ಪಣಿ ಮಲಯಾಳದಲ್ಲಿ ಸಿದ್ಧವಿದ್ದು, ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಶುಕ್ರವಾರ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ‘ಒಂದನೇ ಪ್ರತಿ’ ಎಂಬಂಥವನ್ನು ‘ಮೊದಲನೆಯ ಆರೋಪಿ’ ಎಂದು ಬದಲಿಸಿಕೊಂಡು ಹೇಗೋ ಮುಂದೆ ಸಾಗಿದೆ. ಇಲ್ಲವಾದರೆ ನಮ್ಮ ಹುಡುಗರು ಕಟಕಟೆಯಲ್ಲಿ ಯಾವುದೋ ಕಾಗದದ ನಕಲು ನಿಂತಿದೆಯೆಂದು ತಿಳಿಯುತ್ತಿದ್ದರು. ಆದರೆ ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಶೀರ್ಷಿಕೆ. ಮಲಯಾಳದ ‘ನೇರು’ ಎಂಬುದರಲ್ಲಿ ಸತ್ಯವೂ ಇದೆ, ನೆಟ್ಟಗಿರುವಿಕೆಯೂ ಇದೆ. ಟಿಪ್ಪಣಿಯು ನ್ಯಾಯಾಲಯದಲ್ಲಿ ಮನುಷ್ಯರು ಹೇಳಬೇಕಾದ ನಿಜಕ್ಕೆ ‘ನೇರು’ ಎಂದೂ, ಯೋಹಾನನ ಸುವಾರ್ತೆಯಲ್ಲಿ ಯೇಸು “ನಾನೇ ಮಾರ್ಗವೂ ಸತ್ಯವೂ ಜೀವವೂ” ಎನ್ನುವಲ್ಲಿ ಮತ್ತು ಆತನನ್ನು ವಿಚಾರಿಸಿದ ರೋಮನ್ ಅಧಿಕಾರಿ ಪಿಲಾತನು ಸತ್ಯವೆಂದರೇನೆಂದು ಕೇಳುವಲ್ಲಿ ‘ಸತ್ಯಂ’ ಎಂದೂ ಬೇರೆಬೇರೆಯಾಗಿ ಬಳಸಿದೆ. ಎರಡಕ್ಕೂ ‘ಸತ್ಯ’ ಎಂದು ಬರೆದರೆ ಟಿಪ್ಪಣಿಯ ಹುರುಳೇ ಹೋಗುತ್ತದೆ.

ಎರಡನೆಯದು ಹೆಚ್ಚು ಕಷ್ಟದ್ದು. ಚಿತ್ರದಲ್ಲಿ ಅತ್ಯಾಚಾರಕ್ಕೊಳಗಾದ ಯುವತಿಗೆ ಕಣ್ಣು ಕಾಣುವುದಿಲ್ಲ. ಆಕೆ ಅಪರಾಧಿಯ ಮುಖವನ್ನು ಸ್ಪರ್ಶದ ನೆನಪಿನಿಂದಲೇ ಶಿಲ್ಪವಾಗಿ ರೂಪಿಸುತ್ತಾಳೆ. ಟಿಪ್ಪಣಿ ಇದನ್ನು ಯೋಹಾನನ ಮೊದಲನೆಯ ಪತ್ರದ ಮೊದಲ ವಚನಕ್ಕೆ ಜೋಡಿಸುತ್ತದೆ. ಅಲ್ಲಿ ಅಪೊಸ್ತಲನು ತಾವು ಕಿವಿಯಿಂದ ಕೇಳಿದ್ದನ್ನು, ಕಣ್ಣಿಂದ ಕಂಡದ್ದನ್ನು, ಕೈಯಿಂದ ಮುಟ್ಟಿದ್ದನ್ನು ಸಾರುತ್ತೇವೆ ಎನ್ನುತ್ತಾನೆ. ಮಲಯಾಳದವರು ‘ದೃಕ್‌ಸಾಕ್ಷಿ’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಕಣ್ಣಿಲ್ಲದವಳನ್ನು ‘ಕಣ್ಣಾರೆ ಕಂಡ ಸಾಕ್ಷಿ’ ಎಂದು ಕರೆಯಲು ನನ್ನ ಕೈ ಏಳುವುದಿಲ್ಲ. ದಯವಿಟ್ಟು ಬೇಗ ತಿಳಿಸಿರಿ.

ಬದಿಯಡ್ಕದ ನಿವೃತ್ತ ಅಧ್ಯಾಪಕರಿಂದ:

ತಂಗೀ, ಅಂಜಿಕೆಗೆ ಕಾರಣವಿಲ್ಲ. ‘ಸ’ ಮತ್ತು ‘ಅಕ್ಷಿ’ ಸೇರಿ ‘ಸಾಕ್ಷಿ’ ಆಯಿತು, ಆದ್ದರಿಂದ ಕಣ್ಣುಳ್ಳವನೇ ಸಾಕ್ಷಿ ಎಂದು ಬೋಧಿಸುವವರನ್ನು ನಂಬಬೇಡ. ವೈಯಾಕರಣ ಪಾಣಿನಿಯು ಅಷ್ಟಾಧ್ಯಾಯಿಯ 5.2.91ನೆಯ ಸೂತ್ರದಲ್ಲಿ ಇದನ್ನು ‘ಸಾಕ್ಷಾತ್’ ಎಂಬುದರಿಂದ ಸಾಧಿಸಿದ್ದಾನೆ. ನಡುವೆ ಬೇರೊಬ್ಬರಿಲ್ಲದೆ ತಾನೇ ಅರಿತವನು ಎಂಬುದೇ ಅದರ ತಿರುಳು. ‘ಪ್ರತ್ಯಕ್ಷಸಾಕ್ಷಿ’ ಎಂದು ಬರೆ. ‘ಪ್ರತ್ಯಕ್ಷ’ದಲ್ಲಿರುವ ‘ಅಕ್ಷ’ಕ್ಕೆ ಇಂದ್ರಿಯವೆಂದೇ ಅರ್ಥ, ಕಣ್ಣಿನಿಂದ ಆಗುವ ಅರಿವಿನಂತೆಯೇ ಚರ್ಮದಿಂದ ಆಗುವ ಅರಿವನ್ನೂ ತಾರ್ಕಿಕರು ಪ್ರತ್ಯಕ್ಷವೆಂದೇ ಎಣಿಸಿದ್ದಾರೆ. ‘ನೇರು’ ಎಂಬುದಕ್ಕೆ ‘ಋಜು’ ಸಾಕು. ಇನ್ನೊಂದು ಮಾತು: ವ್ಯಕ್ತಿ ‘ಸಾಕ್ಷಿ’, ಆಡಿದ್ದು ‘ಸಾಕ್ಷ್ಯ’. ನಿಮ್ಮ ಕೂಟಗಳಲ್ಲಿ ‘ಸಾಕ್ಷಿ ಹೇಳುವುದು’ ಎನ್ನುತ್ತೀರಲ್ಲ, ಅದು ತಪ್ಪು.

ಹೊಸೂರಿನಿಂದ:

‘ಋಜು’ ಎಂದು ಹಾಳೆಯ ಮೇಲೆ ಬರೆದರೆ ಹುಡುಗರು ಅದರ ಕೆಳಗೆ ಸಹಿ ಹಾಕಿ ಹಿಂತಿರುಗಿಸುತ್ತಾರೆ. ‘ನೇರ್’ ಎಂಬುದು ಕನ್ನಡ, ತಮಿಳು, ಮಲಯಾಳಗಳ ಒಡಹುಟ್ಟು. ನಮ್ಮ ‘ನೇರ’ ಅದರಿಂದಲೇ ಬಂದದ್ದು, ಆದ್ದರಿಂದ ಅನುವಾದದ ಪ್ರಶ್ನೆಯೇ ಇಲ್ಲಿಲ್ಲ. ‘ನೇರ’ ಬೇಡವೆಂದರೆ ‘ದಿಟ’ ಎನ್ನಿ. ತಮಿಳರು ‘ಉಳ್’ ಎಂಬ ಇರುವಿಕೆಯ ಬೇರಿನಿಂದ ‘ಉಣ್ಮೈ’ ಕಟ್ಟಿಕೊಂಡರು, ಸಾಕ್ಷಿಗೂ ಹಿಂದೆ ‘ಕರಿ’ ಎಂಬ ತಮ್ಮದೇ ಪದವನ್ನು ಇಟ್ಟುಕೊಂಡಿದ್ದರು. ನಾವು ಮಾತ್ರ ನಿಜ ಹೇಳಬೇಕಾದರೂ ಸಂಸ್ಕೃತದ ಬಾಗಿಲು ತಟ್ಟುತ್ತೇವೆ. ‘ಪ್ರತ್ಯಕ್ಷಸಾಕ್ಷಿ’ ಎಂಬ ಗುಡ್ಡವನ್ನು ಕಿತ್ತು ‘ಅರಿತವಳು’ ಎಂದಿಡಿ.

ಕಾಸರಗೋಡಿನ ವಕೀಲರಿಂದ:

‘ಕರಿ’ ಎಂದರೆ ನಮ್ಮಲ್ಲಿ ಆನೆ, ಇಲ್ಲವೇ ಮಡಕೆಯ ಬುಡದ ಮಸಿ. ಎರಡನ್ನೂ ಕಟಕಟೆ ಹತ್ತಿಸಲಾಗದು. ‘ದಿಟ’ವನ್ನು ‘ದೃಷ್ಟ’ದ ತದ್ಭವ ಎನ್ನುವವರೂ ಇದ್ದಾರೆ, ಪ್ರಾಕೃತದ ‘ದಿಟ್ಠ’ ಅದೇ ತಾನೆ? ಹಾಗಾದರೆ ಅಲ್ಲಿಯೂ ಕಣ್ಣೇ. ಮಾಷ್ಟ್ರ ‘ಸಾಕ್ಷಾತ್’ನೊಳಗೂ ಒಂದು ಕಣ್ಣು ಅಡಗಿದೆ, ಸೂತ್ರದಲ್ಲಿಯೂ ‘ದ್ರಷ್ಟರಿ’, ಅಂದರೆ ‘ನೋಡುವವನು ಎಂಬ ಅರ್ಥದಲ್ಲಿ’ ಎಂದೇ ಇದೆ. ಅವರು ಅದನ್ನು ಹೇಳದೆ ದಾಟಿದ್ದಾರೆ. ಕಾನೂನು ಇಷ್ಟು ಪರದಾಡುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 60ನೆಯ ಕಲಮು, ಕಾಣಬಹುದಾದ ಸಂಗತಿಯನ್ನು ಕಂಡವನೂ, ಕೇಳಬಹುದಾದದ್ದನ್ನು ಕೇಳಿದವನೂ, ಬೇರೆ ಇಂದ್ರಿಯದಿಂದ ಅರಿಯಬಹುದಾದದ್ದನ್ನು ಆ ಇಂದ್ರಿಯದಿಂದ ಅರಿತವನೂ ತಾನೇ ಬಂದು ಹೇಳಬೇಕೆಂದು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಧಿನಿಯಮವೂ ಇದನ್ನು ಉಳಿಸಿಕೊಂಡಿದೆ. ಪಾಟೀಸವಾಲಿನಲ್ಲಿರುವ ‘ಸವಾಲು’ ಅರಬ್ಬಿಯದೆಂಬ ಕಾರಣಕ್ಕೆ ನಾನು ಈವರೆಗೆ ಒಂದು ಪ್ರಶ್ನೆಯನ್ನೂ ಬಿಟ್ಟುಕೊಟ್ಟಿಲ್ಲ.

ಪದವನ್ನು ಬಿಟ್ಟು ಒಂದು ಮಾತು. ನಿಮ್ಮ ಟಿಪ್ಪಣಿಯನ್ನು ಯಾರಾದರೂ ಪಾಟೀಸವಾಲಿಗೆ ಒಡ್ಡಿದರೆ ಆದಿಕಾಂಡದ 27ನೆಯ ಅಧ್ಯಾಯ ಎದುರಾಗುತ್ತದೆ. ಕಣ್ಣು ಮಂಜಾದ ಇಸಾಕನು, ಅಣ್ಣ ಏಸಾವನಂತೆ ತೋರಲು ಕೈಗಳಿಗೆ ಆಡಿನ ಚರ್ಮ ಸುತ್ತಿಕೊಂಡು ಬಂದ ಕಿರಿಯ ಮಗ ಯಾಕೋಬನ ಕೈಗಳನ್ನು ಮುಟ್ಟಿ ನೋಡಿಯೇ ಮೋಸಹೋದನು. ಕೈ ಎಂದೂ ಸುಳ್ಳಾಡದು ಎಂದು ಬರೆದುಬಿಡಬೇಡಿ.

ಹೊಸೂರಿನಿಂದ ಮತ್ತೆ:

ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಮಲಯಾಳದ ನಡುವೆ ಬದುಕುತ್ತಿರುವವರಿಗೆ ಎರವಲು ನುಡಿಯ ನೋವು ತಿಳಿದಿರಬೇಕಿತ್ತು.

ಬದಿಯಡ್ಕದಿಂದ ಮತ್ತೆ:

ತಿಳಿದಿದೆ. ಆದ್ದರಿಂದಲೇ, ನಮ್ಮಲ್ಲಿ ಉಳಿದಿರುವ ಪದಗಳನ್ನು ಯಾವ ಮೂಲದ್ದೆಂದು ನೋಡಿ ಹೊರಗಟ್ಟುವಷ್ಟು ಶ್ರೀಮಂತರು ನಾವಲ್ಲ. ‘ದ್ರಷ್ಟರಿ’ ವಿಷಯವಾಗಿ ವಕೀಲರಿಗೆ ಪ್ರತ್ಯೇಕವಾಗಿ ಬರೆಯುತ್ತೇನೆ.

ಬೇಳದಿಂದ:

ಹಿರಿಯರೆಲ್ಲರಿಗೂ ನಮಸ್ಕಾರ. ಹೊಸೂರಿನವರ ‘ನೇರ’ವನ್ನು ತೆಗೆದುಕೊಂಡಿದ್ದೇನೆ, ಆದರೆ ಒಂಟಿಯಾಗಿ ನಿಲ್ಲಿಸಿದರೆ ಅದು ಬಸ್ಸಿನ ದಾರಿ ಹೇಳಿದಂತಾಗುತ್ತದೆಂದು ‘ನೇರ ನುಡಿ’ ಎಂದು ಮಾಡಿದ್ದೇನೆ. “ಆತನ ಹಾದಿಗಳನ್ನು ನೆಟ್ಟಗೆ ಮಾಡಿರಿ” ಎಂಬ ಮಾರ್ಕನ ವಾಕ್ಯವೂ ಟಿಪ್ಪಣಿಯಲ್ಲಿರುವುದರಿಂದ ಅದು ಹೊಂದುತ್ತದೆ. ಯೋಹಾನನಲ್ಲಿ ‘ಸತ್ಯ’ವನ್ನು ಹಾಗೆಯೇ ಬಿಟ್ಟಿದ್ದೇನೆ, ತಲೆಮಾರುಗಳಿಂದ ಕಿವಿಯಲ್ಲಿ ಕುಳಿತದ್ದನ್ನು ಒಂದು ಭಾನುವಾರಕ್ಕಾಗಿ ಎಬ್ಬಿಸಲಾರೆ. ‘ಸಾಕ್ಷಿ ಹೇಳುವುದು’ ಎಂಬುದನ್ನೂ ತಿದ್ದಿಲ್ಲ, ಮಾಷ್ಟ್ರು ಕ್ಷಮಿಸಬೇಕು. ಬೈಬಲಿನ ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿ ಹೇಳಬಾರದೆಂಬುದು ನಮ್ಮ ಕಥೋಲಿಕರ ಎಣಿಕೆಯಲ್ಲಿ ಎಂಟನೆಯದು, ಪ್ರಾಟೆಸ್ಟಂಟರಲ್ಲಿ ಹಲವರಿಗೆ ಒಂಬತ್ತನೆಯದು. ಅಂಕೆಯಲ್ಲಿ ಹೊಂದದ ಎರಡು ಕಡೆಯವರೂ ‘ಹೇಳಬಾರದು’ ಎಂಬಲ್ಲಿ ಒಂದಾಗಿದ್ದಾರೆ.

ಇಸಾಕನ ಮಾತು ನನ್ನನ್ನು ಒಂದು ರಾತ್ರಿ ನಿದ್ರೆಗೆಡಿಸಿತು. ಮತ್ತೆ ಓದಿದಾಗ, ಆತನ ಕಿವಿಯು ಯಾಕೋಬನ ಧ್ವನಿಯನ್ನು ಸರಿಯಾಗಿಯೇ ಗುರುತಿಸಿತ್ತೆಂಬುದು ಕಂಡಿತು; ಆತನು ಕಿವಿಯ ಸಾಕ್ಷಿಯನ್ನು ಬದಿಗಿಟ್ಟು ಆಡಿನ ಚರ್ಮವನ್ನು ನಂಬಿದನು. ಇದನ್ನು ಚರ್ಚೆಯ ಮೂರನೆಯ ಪ್ರಶ್ನೆಯಾಗಿ ಸೇರಿಸಿದ್ದೇನೆ, ಉತ್ತರ ಬರೆದಿಲ್ಲ.

‘ಪ್ರತ್ಯಕ್ಷಸಾಕ್ಷಿ’ಯೂ ‘ಅರಿತವಳು’ ಎಂಬುದೂ ಕೈಗೂಡಲಿಲ್ಲ. ಮೊದಲನೆಯದನ್ನು ಕೇಳಿದ ತಕ್ಷಣ ಹುಡುಗರಿಗೆ ಕಣ್ಣೇ ನೆನಪಾಗುತ್ತದೆ, ಎರಡನೆಯದರಲ್ಲಿ ನ್ಯಾಯಾಲಯವೇ ಕಾಣುವುದಿಲ್ಲ. ನಿಮ್ಮ ಓಲೆಗಳನ್ನು ಓದುತ್ತಿದ್ದಾಗ, ‘ಕಣ್ಣಾರೆ’ ಇದ್ದರೆ ‘ಕಿವಿಯಾರೆ’ಯೂ ‘ಕೈಯಾರೆ’ಯೂ ಕನ್ನಡದಲ್ಲಿ ಇವೆಯೆಂದು ಹೊಳೆಯಿತು. ಯೋಹಾನನ ವಚನದ ಭಾವವನ್ನು “ಕಿವಿಯಾರೆ ಕೇಳಿದ್ದು, ಕಣ್ಣಾರೆ ಕಂಡದ್ದು, ಕೈಯಾರೆ ಮುಟ್ಟಿದ್ದು” ಎಂದು ಕೊಟ್ಟು, ಆ ಯುವತಿಯನ್ನು ‘ಕೈಯಾರೆ ಅರಿತ ಸಾಕ್ಷಿ’ ಎಂದಿದ್ದೇನೆ. ‘ಕೈಯಾರೆ’ ಎಂದರೆ ಸ್ವಂತ ಕೈಯಿಂದ ಎಂಬ ಅರ್ಥವೇ ರೂಢಿಯಲ್ಲಿ ಮುಂದಾಗಿದೆಯೆಂದು ಯಾರಾದರೂ ಆಕ್ಷೇಪಿಸಬಹುದು. ಆ ಮುಖವನ್ನು ಆಕೆ ತನ್ನ ಕೈಯಿಂದಲೇ ರೂಪಿಸಿದಳಾದ್ದರಿಂದ ಅದೂ ಇರಲಿ ಎಂದು ಬಿಟ್ಟಿದ್ದೇನೆ. ಹಾಳೆಗಳು ಈಗ ಅಚ್ಚಿನಲ್ಲಿವೆ.