ರಾಜಕೀಯ ಮಾಡಿದವ್ರು ಜಡ್ಜ್ ಆಗ್ಬಹುದಾ? ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಮೇಡಂ, ನಾನು ಎಲ್‌ಎಲ್‌ಬಿ ಎರಡನೇ ವರ್ಷ. ಅಮೆರಿಕದ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಅನ್ನೋರು ವಕೀಲಿಕೆ ಮಾಡಿ, ಎಲೆಕ್ಷನ್ ಗೆದ್ದು, ಆಮೇಲೆ ಫೆಡರಲ್ ಜಡ್ಜ್ (ಕೇಂದ್ರ ಸರ್ಕಾರದ ಕೋರ್ಟಿನ ಜಡ್ಜ್) ಆದ್ರಂತೆ. ಅಲ್ಲಿ ಹಂಗೆಲ್ಲಾ ಆಗ್ಬಹುದಾ? ಪಕ್ಷದಿಂದ ಬಂದೋರು ನಿಷ್ಪಕ್ಷಪಾತವಾಗಿ ತೀರ್ಪು ಕೊಡೋಕಾಗುತ್ತಾ ಅನ್ನೋದು ನನ್ನ ಡೌಟು.

ಉತ್ತರ: ಆಗ್ಬಹುದಪ್ಪ. ಅಲ್ಲಿ ಫೆಡರಲ್ ಜಡ್ಜ್ ಆಗೋಕೆ ಪರೀಕ್ಷೆ ಇಲ್ಲ, ಪ್ರೆಸಿಡೆಂಟ್ ಹೆಸರು ಕಳಿಸ್ತಾರೆ, ಸೆನೆಟ್, ಅಂದ್ರೆ ಅಲ್ಲಿನ ಸಂಸತ್ತಿನ ಮೇಲ್ಮನೆ, ಒಪ್ಪಿದ್ರೆ ಜೀವನಪೂರ್ತಿ ಹುದ್ದೆ. ಆದ್ರೆ ಮಾಟ್ಲಿ ಅವ್ರನ್ನ ಬರೀ ರಾಜಕಾರಣಿ ಅಂದ್ಕೋಬೇಡ. ಅಪ್ಪ ಯೇಲ್ ಯೂನಿವರ್ಸಿಟಿ ಹುಡುಗರ ಕ್ಲಬ್‌ನಲ್ಲಿ ಅಡುಗೆಯವರು, ಮನೇಲಿ 12 ಮಕ್ಕಳು, ಓದ್ಸೋಕೆ ದುಡ್ಡಿಲ್ಲ. ಊರಲ್ಲಿ ಕಪ್ಪು ಜನರಿಗೆ ಅಂತ ಕಟ್ಟಿದ್ದ ಸಮುದಾಯ ಭವನದ ಆಡಳಿತದಲ್ಲಿ ನಮ್ಮೋರಿಗೇ ಜಾಗ ಇಲ್ವಲ್ಲ ಅಂತ ಈ ಹುಡುಗಿ ಸಭೇಲಿ ನೇರವಾಗಿ ಹೇಳಿದ್ಲು, ಅದನ್ನ ಕಟ್ಟಿಸೋಕೆ ದುಡ್ಡು ಕೊಟ್ಟಿದ್ದ ಬಿಳಿ ಕಂಟ್ರಾಕ್ಟರ್ ಅಲ್ಲೇ ಕೂತಿದ್ರು, ಬೇಜಾರಾಗೋದು ಬಿಟ್ಟು ಅವಳ ಕಾಲೇಜು ಖರ್ಚನ್ನೇ ವಹಿಸ್ಕೊಂಡ್ರು!

1945ರಲ್ಲಿ, ಇನ್ನೂ ಕೊಲಂಬಿಯಾದಲ್ಲಿ ಲಾ ಓದ್ತಿರುವಾಗ್ಲೇ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡ್ತಿದ್ದ ವಕೀಲ ಥರ್ಗುಡ್ ಮಾರ್ಷಲ್ ಇವ್ರನ್ನ ಕೆಲಸಕ್ಕೆ ತಗೊಂಡ್ರು. ಜೇಮ್ಸ್ ಮೆರೆಡಿತ್ ಅನ್ನೋ ಕಪ್ಪು ವಿದ್ಯಾರ್ಥಿಗೆ, ಬಿಳಿಯರಿಗೆ ಮಾತ್ರ ಅಂತಿದ್ದ ಮಿಸಿಸಿಪಿ ಯೂನಿವರ್ಸಿಟಿಲಿ ಸೀಟು ಕೊಡ್ಸೋ ಕೇಸು 1962ರಲ್ಲಿ ಗೆದ್ದಿದ್ದು ಇವ್ರೇ. ಮಿಸಿಸಿಪಿಯ ಜಾಕ್ಸನ್ ಊರಿನ ಫೆಡರಲ್ ಕೋರ್ಟಲ್ಲಿ ಜಡ್ಜ್ ಕೂರೋ ಜಾಗದ ಹಿಂದಿನ ಗೋಡೆ ಮೇಲೆ ಕಪ್ಪು ಜನ ಹತ್ತಿ ಬಿಡಿಸ್ತಿರೋ ದೊಡ್ಡ ಚಿತ್ರ, ಅದರ ಎದುರಿಗೆ ನಿಂತು ಒಬ್ಬ ಕಪ್ಪು ಹೆಂಗಸು ವಾದ ಮಾಡೋದು ಅಂದ್ರೆ ಯೋಚ್ನೆ ಮಾಡು. ಸುಪ್ರೀಂ ಕೋರ್ಟಲ್ಲಿ 10 ಕೇಸು ವಾದಿಸಿ 9 ಗೆದ್ರು. ಸೋತಿದ್ದು ಜ್ಯೂರಿಯಿಂದ (ಕೇಸ್ ಕೇಳಿ ತೀರ್ಮಾನ ಹೇಳೋ ಸಾಮಾನ್ಯ ಜನರ ಗುಂಪಿನಿಂದ) ಕಪ್ಪು ಜನರನ್ನ ಕೈಬಿಡೋ ವಿಚಾರದ್ದು, ಅದನ್ನೂ 1986ರಲ್ಲಿ ಕೋರ್ಟೇ ಬದಲಾಯಿಸ್ತು.

ರಾಜಕೀಯ ಮಾಡಿದ್ದು ಎರಡೇ ವರ್ಷ. 1964ರಲ್ಲಿ ನ್ಯೂಯಾರ್ಕ್ ರಾಜ್ಯ ಸೆನೆಟ್, 1965ರಲ್ಲಿ ಮ್ಯಾನ್‌ಹಟನ್ ಬರೋ ಪ್ರೆಸಿಡೆಂಟ್ (ನ್ಯೂಯಾರ್ಕ್ ನಗರದ ಆ ಭಾಗದ ಮುಖ್ಯಸ್ಥೆ). 1966ರ ಜನವರೀಲಿ ಪ್ರೆಸಿಡೆಂಟ್ ಜಾನ್ಸನ್ ಜಡ್ಜ್ ಹುದ್ದೆಗೆ ಹೆಸರು ಕಳಿಸಿದ್ರೂ ಅದನ್ನ ಪರಿಶೀಲಿಸೋ ಸೆನೆಟ್ ಸಮಿತಿ ಅಧ್ಯಕ್ಷ, ಮಿಸಿಸಿಪಿಯ ಸೆನೆಟರ್ ಈಸ್ಟ್‌ಲ್ಯಾಂಡ್ ಎಳೆದಾಡಿ ಆಗಸ್ಟ್ ತನಕ ತಂದ್ರು. ಕೊನೆಗೂ ಅಮೆರಿಕದ ಮೊದಲ ಕಪ್ಪು ಮಹಿಳಾ ಫೆಡರಲ್ ಜಡ್ಜ್ ಆದ್ರು.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಜಡ್ಜ್ ಆದ್ಮೇಲೆ ಇವ್ರು ಪಕ್ಷಪಾತ ಮಾಡ್ತಾರೆ ಅಂತ ಯಾರೂ ತಕರಾರು ತೆಗೀಲಿಲ್ವಾ?

ಉತ್ತರ: ತೆಗೆದ್ರು. 1975ರಲ್ಲಿ ನ್ಯೂಯಾರ್ಕ್‌ನ ದೊಡ್ಡ ಲಾ ಫರ್ಮ್ ಒಂದರ ಮೇಲೆ ಹೆಂಗಸರಿಗೆ ತಾರತಮ್ಯ ಮಾಡ್ತಾರೆ ಅಂತ ಕೇಸ್ ಬಂತು. ಫರ್ಮ್ ಕಡೆಯವ್ರು, ನೀವು ತಾರತಮ್ಯದ ವಿರುದ್ಧ ಹೋರಾಡಿದ ಕಪ್ಪು ಮಹಿಳೆ, ಈ ಕೇಸ್ ಬಿಟ್ಕೊಡಿ ಅಂದ್ರು. ಇವ್ರು ಬಿಡ್ಲಿಲ್ಲ. ಹೆಣ್ಣೋ ಗಂಡೋ, ಕಪ್ಪೋ ಬಿಳಿಯೋ, ಏನೋ ಒಂದು ಎಲ್ಲಾ ಜಡ್ಜ್‌ಗೂ ಇದ್ದೇ ಇರುತ್ತೆ, ಅದೇ ಕಾರಣ ಆದ್ರೆ ಈ ಕೋರ್ಟಲ್ಲಿ ಯಾರೂ ಈ ಕೇಸ್ ಕೇಳೋಕಾಗಲ್ಲ ಅನ್ನೋ ಅರ್ಥದಲ್ಲಿ ಆರ್ಡರ್ ಬರೆದ್ರು. ನನ್ನ ಕೇಳಿದ್ರೆ ನಿನ್ನ ಡೌಟಿಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ. ಬಿಳಿ ಗಂಡಸು ಜಡ್ಜ್ ಆದ್ರೆ ಈ ಪ್ರಶ್ನೆ ಯಾರೂ ಕೇಳ್ತಿರ್ಲಿಲ್ಲ ನೋಡು.

ಇನ್ನೊಬ್ರ ಪ್ರಶ್ನೆ: ಮೇಡಂ, ಬೇಸ್‌ಬಾಲ್ ಲಾಕರ್ ರೂಂ ಕೇಸ್ ಕೂಡ ಇವರದ್ದೇನಾ?

ಉತ್ತರ: ಹೂಂ, 1978ರದ್ದು. ಮೆಲಿಸಾ ಲಡ್ಕಿ ಅನ್ನೋ ಪತ್ರಕರ್ತೆಗೆ ಆಟ ಮುಗಿದ್ಮೇಲೆ ಯಾಂಕೀಸ್ ಬೇಸ್‌ಬಾಲ್ ತಂಡದ ಲಾಕರ್ ರೂಂ (ಆಟಗಾರರು ಬಟ್ಟೆ ಬದಲಾಯಿಸೋ ಕೋಣೆ) ಒಳಗೆ ಬಿಡ್ತಿರ್ಲಿಲ್ಲ, ಗಂಡಸು ರಿಪೋರ್ಟರ್‌ಗಳು ಆರಾಮಾಗಿ ಹೋಗ್ತಿದ್ರು. ಆಟಗಾರರ ಮಾನ ಅಂತ ವಾದ. ಅದಕ್ಕೆ ಪರದೆ ಹಾಕ್ಕೊಂಡ್ರೆ, ಟವೆಲ್ ಸುತ್ಕೊಂಡ್ರೆ ಸಾಕಲ್ಲ ಅಂತ ಮಾಟ್ಲಿ ಹೇಳಿದ್ರು. ಯಾಂಕೀ ಸ್ಟೇಡಿಯಂ ನ್ಯೂಯಾರ್ಕ್ ನಗರದ ಸರ್ಕಾರಿ ಆಸ್ತಿ, ತಂಡದ ಕ್ಲಬ್ಬು ಬಾಡಿಗೆಗೆ ತಗೊಂಡಿದ್ದು, ಹಾಗಾಗಿ ಸಂವಿಧಾನದ ಸಮಾನತೆ ಅಲ್ಲಿಗೂ ಬರುತ್ತೆ ಅನ್ನೋದು ಕಾನೂನಿನ ಪಾಯಿಂಟ್. ಸ್ಟೂಡೆಂಟ್ಸ್ ಆ ಭಾಗನೇ ಮೊದಲು ಓದಿ.